ಅಜವಾನದ ಕೋಳಿ

ನವೆಂಬರ್ 3, ಸೋಮವಾರ

ಹೆಂಡತಿ ದಾವಲಬಿ ಮುಂಜಾನೆಯ ಬಸ್ಸಿಗೆ ಮುದ್ದೇಬಿಹಾಳಕ್ಕೆ ಹೋದಳು. ಅವಳ ತಾಯಿ ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡಿದ್ದಾರೆ. ಹೋಗಲೇಬೇಕಿತ್ತು, ಬೇಡ ಅನ್ನಲು ನಾನು ಯಾರು. ಆದರೆ ಐದುನೂರು ಕೋಳಿಮರಿ ನಿನ್ನೆ ತಾನೇ ಶೆಡ್ಡಿಗೆ ಬಂದಿಳಿದಿವೆ. ಇಷ್ಟು ವರ್ಷ ಕೋಳಿ ಸಾಕಿದವಳು ಅವಳು. ನಾನು ಚೀಲ ಹೊತ್ತವನು, ನೀರು ತುಂಬಿದವನು. ಇನ್ನು ಮರಿ, ನಾನು, ಮೇಲೆ ದೇವರು.

ಬಸ್ಸು ಹತ್ತುವ ಮೊದಲು ಹೇಳಿದಳು: "ದಿನಕ್ಕ ಒಂದ ಸಲಾ ಫೋನ್ ಮಾಡ್ರಿ. ಒಂದ ಸಲಾ. ಉಳದ ಚಿಂತಿ ಎಲ್ಲಾ ಹಾಳಿ ಮ್ಯಾಲ ಬರದಿಡ್ರಿ. ನಾ ನಮ್ಮವ್ವನ್ನ ನೋಡ್ಲೋ, ನಿಮ್ಮನ್ನ ನೋಡ್ಲೋ?"

"ನನಗ ಬರಿಯಾಕ ಎಲ್ಲಿ ಬರ್ತೈತಿ?"

"ಏಳನೇತ್ತಾ ತನಕಾ ಸಾಲಿಗೆ ಹೋಗೀರಿ. ಚಿಂತಿ ಮಾಡಾಕ ಅಷ್ಟ ಸಾಕು."

ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟ ಮೇಲೆ ಕಿಟಕಿಯಿಂದ ತಲೆ ಹಾಕಿ ಕೂಗಿದಳು: "ಬೆಳ್ಳೊಳ್ಳಿ, ಅರಿಷಿಣ, ತುಳಸಿ, ಅಜವಾನ! ಕುದಿಸಿ, ಸೋಸಿ, ಆರಿಸಿ ಮುಂಜಾನಿ ನೀರಿಗೆ ಹಾಕ್ರಿ. ಎಲ್ಲಾ ಮನ್ಯಾಗ ಐತಿ!"

ಮನೆಗೆ ಬಂದು ಹುಡುಕಿದೆ. ಬೆಳ್ಳುಳ್ಳಿ ಗೂಟಕ್ಕೆ ತೂಗುತ್ತಿದೆ. ಅರಿಶಿನ ಅಡುಗೆಮನೆಯ ಗೋಡೆಯ ಮಾಡದಲ್ಲಿದೆ. ತುಳಸಿ, ಅಜವಾನ ಎರಡೂ ಹಿತ್ತಲಲ್ಲಿವೆ. ಅಜವಾನದ ಗಿಡ ಒಡೆದ ಬಕೆಟ್ಟಿನಲ್ಲಿ ದಟ್ಟವಾಗಿ ಬೆಳೆದಿದೆ. ದಪ್ಪ ಎಲೆ, ಮುಟ್ಟಿದರೆ ಕೈಯೆಲ್ಲ ಘಮ. ಸಣ್ಣವನಿದ್ದಾಗ ನನಗೆ ಕೆಮ್ಮು ಬಂದರೆ ತಾಯಿ ಇದೇ ಎಲೆಯನ್ನು ಬೆಂಕಿಗೆ ಹಿಡಿದು ರಸ ಹಿಂಡುತ್ತಿದ್ದಳು.

ಗಿಡ ಒಂದೇ ಇದೆ. ಸಾಕಾಗದಿದ್ದರೆ?

ನವೆಂಬರ್ 4, ಮಂಗಳವಾರ

ಕಷಾಯ ಕುದಿಸಿದೆ. ಉಕ್ಕಿ ಒಲೆ ಆರಿತು. ಮತ್ತೆ ಕುದಿಸಿದೆ. ಬಿಸಿ ಇದೆಯೋ ಆರಿದೆಯೋ ಎಂದು ನಾನೇ ಒಂದು ಬಟ್ಟಲು ಕುಡಿದು ನೋಡಿದೆ. ನನಗೆ ಏನೂ ಆಗಲಿಲ್ಲ, ಆದರೆ ನಾನು ಮರಿಯಲ್ಲವಲ್ಲ.

ಮಧ್ಯಾಹ್ನ ಕಲ್ಮೇಶ, ಬೀರಣ್ಣ ಇಬ್ಬರೂ ಬಂದರು. ಕಲ್ಮೇಶನದು ಹೈವೇ ಮೇಲಿನ ಧಾಬಾ. ಬೀರಣ್ಣನದು ನಮ್ಮ ಪಕ್ಕದ ಕೋಳಿ ಶೆಡ್ಡು. ಚಪ್ಪಲಿ ಹಾಕಿಕೊಂಡೇ ಒಳಗೆ ನಡೆದರು. ದಾವಲಬಿ ಇದ್ದಿದ್ದರೆ ಬಾಗಿಲಲ್ಲೇ ಬೈದು, ಸುಣ್ಣದ ತಟ್ಟೆಯಲ್ಲಿ ಕಾಲಿಡಿಸಿ ಆಮೇಲೆ ಬಿಡುತ್ತಿದ್ದಳು. ನಾನು ದಾರಿ ಬಿಟ್ಟೆ. ಅವರು ಹೋದ ಮೇಲೆ ಹೆಜ್ಜೆ ಬಿದ್ದಲ್ಲೆಲ್ಲ ಸುಣ್ಣ ಉದುರಿಸಿದೆ.

ಬೀರಣ್ಣ ಅಂದ: "ಕೋಳಿಗೆ ಕಷಾಯಾ ಕುಡಿಸಿ ಬಾಣಂತನಾ ಮಾಡಾಕತ್ತೀಯೇನೋ ಬಂದಗಿ? ಮಾಡು, ಮಾಡು. ಶೆಡ್ಡಿಗೆ ಬಣ್ಣಾ ಮಾತ್ರ ಹಚ್ಚಸಬ್ಯಾಡ. ನಾ ಬಂದ ಮ್ಯಾಲ ನನಗ ಬೇಕಾದ್ದ ಹಚ್ಕೋತೇನಿ."

ಇಬ್ಬರೂ ನಕ್ಕರು. ನಾನೂ ನಕ್ಕೆ. ಯಾಕೆ ನಕ್ಕೆನೋ.

ಇದೆಲ್ಲ ದಾವಲಬಿ ಕೊಟ್ಟ ಮಾತಿನಿಂದ ಬಂದದ್ದು. ಇಂಡಿ ಊರಿನ ಪಶುವೈದ್ಯೆ ಶೈಲಶ್ರೀ ಬಾಯಿ ಒಂದು ಸಭೆಯಲ್ಲಿ ಹೇಳಿದ್ದರಂತೆ. ರೋಗವಿಲ್ಲದ ಕೋಳಿಗೆ ತೂಕ ಬರಲೆಂದು ದಿನಾ ರೋಗದ ಔಷಧಿಯ ಪುಡಿ ತಿನ್ನಿಸಿದರೆ, ನಾಳೆ ಮನುಷ್ಯರಿಗೆ ಜ್ವರ ಬಂದಾಗ ಆ ಜಾತಿಯ ಔಷಧಿ ನಾಟದೆ ಹೋಗಬಹುದು. ಅದು ಇವಳ ತಲೆಗೆ ಹೊಕ್ಕಿತು. ಧಾಬಾದಲ್ಲಿ ಎಲ್ಲರ ಮುಂದೆ, ಪುಡಿ ಇಲ್ಲದೆ ಗಿಡಮೂಲಿಕೆಯ ಕಷಾಯದಲ್ಲೇ ಎರಡು ಕಿಲೋ ಕೋಳಿ ಬೆಳೆಸಿ ತೋರಿಸುತ್ತೇನೆ ಅಂದುಬಿಟ್ಟಳು. ಬೆಳೆದರೆ ಕಲ್ಮೇಶನ ಧಾಬಾಕ್ಕೆ ಇನ್ನು ಮುಂದೆ ನಮ್ಮ ಶೆಡ್ಡಿನ ಕೋಳಿಯೇ. ಬೆಳೆಯದಿದ್ದರೆ ಶೆಡ್ಡು ಬೀರಣ್ಣನ ಕೈಗೆ, ಇವಳು ಹೊಲಿಗೆ ಯಂತ್ರಕ್ಕೆ. ಆ ಶೆಡ್ಡಿನ ಒಂದೊಂದು ತಗಡನ್ನೂ ಅವಳೇ ನಿಂತು ಹಾಕಿಸಿದ್ದು.

ಮಾತು ಕೊಟ್ಟವಳು ಅವಳು. ಉಳಿಸಬೇಕಾದವನು ನಾನು. ಇದಕ್ಕಿಂತ ಕೆಟ್ಟ ಜೋಡಿ ನಮ್ಮೂರು ಝಳಕಿಯಲ್ಲೆಲ್ಲೂ ಸಿಗಲಿಕ್ಕಿಲ್ಲ.

ನವೆಂಬರ್ 8, ಶನಿವಾರ

ಹೆದರಿದ್ದೇ ಆಯಿತು. ಗಿಡ ಬೋಳಾಯಿತು. ಎಲೆಯಿಲ್ಲದ ಬರೀ ದಂಟು ನನ್ನನ್ನೇ ನೋಡುತ್ತಿದೆ.

ಊರಿನ ಹಿರಿಯೆ ಕಸ್ತೂರೆವ್ವನ ನಿಂಬೆತೋಟದಲ್ಲಿ ಅಜವಾನ ಇದೆ ಎಂದು ಗೊತ್ತು. ಅವಳ ಬಾಗಿಲ ತನಕ ಹೋದೆ, ತಿರುಗಿ ಬಂದೆ, ಮತ್ತೆ ಹೋದೆ. ಕಡೆಗೆ ಅವಳೇ ಒಳಗಿನಿಂದ ಕೂಗಿದಳು.

"ಯಾರದು ಕಳ್ಳನಂಗ ನಿಂತಾಂವಾ?"

"ನಾ ಯವ್ವಾ, ಬಂದಗಿಸಾಬ. ಅಜವಾನದ ಎಲಿ ಬೇಕಾಗಿತ್ತು."

"ಕೆಮ್ಮು ಬಂದೈತೇನು?"

"ನನಗಲ್ಲ. ಕೋಳಿಗೆ."

"ಎಷ್ಟ ಕೋಳಿಗೆ ಕೆಮ್ಮು?"

"ಕೆಮ್ಮು ಯಾವದಕ್ಕೂ ಇಲ್ಲ. ಐದುನೂರಕ್ಕೂ ಬೇಕು."

ಕಸ್ತೂರೆವ್ವ ಕಟ್ಟೆಯ ಮೇಲೆ ಕೂತುಬಿಟ್ಟಳು. ಸೆರಗು ಬಾಯಿಗೆ ಹಿಡಿದು ನಕ್ಕು ನಕ್ಕು ಕಣ್ಣೊರಸಿಕೊಂಡಳು. ಆಮೇಲೆ ತಾನೇ ಮುಂದಾಗಿ ತೋಟಕ್ಕೆ ಕರೆದುಕೊಂಡು ಹೋದಳು. ನೀರಿನ ಕಾಲುವೆಯ ಗುಂಟ, ನಿಂಬೆಗಿಡಗಳ ನೆರಳಿನಲ್ಲಿ, ಅಜವಾನ ಹಾಸಿಗೆ ಹಾಸಿದಂತೆ ಹರಡಿದೆ.

"ಬೇರ ಕೀಳಬ್ಯಾಡ. ತುದಿ ಚಿವುಟು, ಮತ್ತ ಒಡೀತೈತಿ. ಮತ್ತ ನೋಡೋ ತಮ್ಮಾ, ಊರಾಗ ಯಾರಿಗರ ಕೆಮ್ಮು ಬಂದ್ರ ನಿನ್ನ ಶೆಡ್ಡಿಗೆ ಕಳಸ್ತೇನಿ, ಕೋಳಿ ರಸಾ ಹಿಂಡಿ ಕೊಡು."

ಎರಡು ಬುಟ್ಟಿ ತಂದೆ. ಚಿವುಟಿದ ತುದಿಗಳಲ್ಲಿ ಕೆಲವನ್ನು ಹಳೆಯ ಎಣ್ಣೆ ಡಬ್ಬಿಗಳಲ್ಲಿ ಊರಿ ಶೆಡ್ಡಿನ ಬದಿಗಿಟ್ಟಿದ್ದೇನೆ. ಬೇರು ಬಿಡುವುದು ಸಂಶಯ.

ನವೆಂಬರ್ 11, ಮಂಗಳವಾರ

ಮೂರು ಮರಿ ಸತ್ತವು. ಉಣ್ಣುವ ತಟ್ಟೆ ಸರಿಸಿಟ್ಟೆ. ಫೋನ್ ಮಾಡಿದೆ.

"ಐದುನೂರರಾಗ ಮೂರು ಹೋದ್ರ ಮಂದಿ ಸಕ್ರಿ ಹಂಚ್ತಾರ್ರಿ. ದೂರ ಒಯ್ದು ಹುಗದ ಬರ್ರಿ, ಕೈ ತೊಳಕೋರಿ, ಉಣ್ರಿ."

ಹುಗಿದೆ. ಕೈ ತೊಳೆದೆ.

ನವೆಂಬರ್ 16, ಭಾನುವಾರ

ಸಂಜೆಯಿಂದ ಥಂಡಿ ಗಾಳಿ ಶುರುವಾಯಿತು. ಮರಿಗಳು ಬಲ್ಬಿನ ಕೆಳಗೆ ಒಂದರ ಮೇಲೊಂದು ಗುಂಪುಗಟ್ಟಿದವು. ದಾವಲಬಿಗೆ ಕೇಳೋಣವೆಂದರೆ ಇವತ್ತಿನ ಫೋನು ಮುಂಜಾನೆಯೇ ಮುಗಿಸಿದ್ದೆ. ಸಿಮೆಂಟು ಚೀಲಗಳನ್ನು ಬಿಚ್ಚಿ, ಹೊಲಿದು, ಗಾಳಿ ಬರುವ ಬದಿಗೆ ಪರದೆ ಕಟ್ಟಿದೆ. ಮೇಲೆ ಒಂದು ಗೇಣು ಬಿಟ್ಟೆ, ಒಳಗಿನ ಕೆಟ್ಟ ಗಾಳಿ ಹೊರಗೆ ಹೋಗಲಿ ಎಂದು. ತಪ್ಪೋ ಸರಿಯೋ ಗೊತ್ತಿಲ್ಲ. ಮರಿಗಳು ಹರಡಿ ಮಲಗಿದವು.

ಇನ್ನೊಂದು ಚಿಂತೆ. ನೆಲಕ್ಕೆ ಹಾಸಿದ ಹೊಟ್ಟು ಒಣಗಿ ಗರಿಗರಿಯಾಗಿದೆ, ಶೆಡ್ಡಿನಲ್ಲಿ ಕಣ್ಣು ಉರಿಸುವ ವಾಸನೆಯೇ ಇಲ್ಲ. ಇಷ್ಟೊತ್ತಿಗೆ ಬರಬೇಕಿತ್ತು. ನನ್ನ ಮೂಗೇ ಕೆಟ್ಟಿತೋ ಏನೋ ಎಂದು ಬೀರಣ್ಣನ ಶೆಡ್ಡಿನ ಹಿಂದೆ ಹೋಗಿ ಮೂಸಿ ನೋಡಿದೆ. ಕಣ್ಣಲ್ಲಿ ನೀರು ಬಂತು. ಮೂಗು ಸರಿಯಿದೆ.

ಸಾಲಿ ಹುಡುಗರು ನನ್ನನ್ನು "ಅಜವಾನ ಬಂದಗಿ" ಎಂದು ಕರೆಯಲು ಶುರು ಮಾಡಿದ್ದಾರೆ. ಮಳಿಗೆಯವನೂ ಹಾಗೇ ಅಂದ. ಈ ಹೆಸರು ಹೋಗುವುದಿಲ್ಲ ಅನಿಸುತ್ತದೆ.

ನವೆಂಬರ್ 23, ಭಾನುವಾರ

ಮುಳುಗಿದೆ. ಮುಳುಗಿಬಿಟ್ಟೆ.

ಕಸ್ತೂರೆವ್ವ ಹೊಟ್ಟೆ ಹಿಡಿದುಕೊಂಡು ಬಂದಳು. "ಹೊಟ್ಟಿ ಉಬ್ಬೇತಿ ಬಂದಗಿ. ಒಂದ ಚಿಮಟಿ ಅಜವಾನ ಕೊಡು."

ಬುಟ್ಟಿಯಿಂದ ಎಲೆ ತೆಗೆದು ಕೊಟ್ಟೆ.

"ಎಲಿ ತೊಗೊಂಡ ಏನ್ ಮಾಡ್ಲೋ? ಎಲಿ ನನ್ನ ತೋಟದಾಗ ಇಲ್ಲೇನು? ಕಾಳ ಕೊಡು. ಹೊಟ್ಟಿಗೆ ಅಜವಾನ ಅಂದ್ರ ಕಾಳು."

ಒಳಗೆ ಹೋಗಿ ಹುಡುಕಿದೆ. ಜೋಳದ ಪೀಪಾಯಿಯ ಹಿಂದೆ ಹೊಸ ಡಬ್ಬಿ ಇತ್ತು. ಮುಚ್ಚಳ ತೆಗೆದೆ. ಬಾಯಿಮಟ ಅಜವಾನದ ಕಾಳು. ಇಷ್ಟು ಕಾಳು ಒಂದು ಮನೆಗೆ ಹತ್ತು ವರ್ಷಕ್ಕೂ ಖರ್ಚಾಗದು. ಇದು ಅಡುಗೆಗೆ ತಂದದ್ದಲ್ಲ. ಕೋಳಿಗೆ ತಂದದ್ದು. ಎಲ್ಲಾ ಮನ್ಯಾಗ ಐತಿ ಅಂದಿದ್ದಳಲ್ಲ.

ಮೂರು ವಾರದಿಂದ ಐದುನೂರು ಕೋಳಿಗೆ ನಾನು ತಪ್ಪು ಗಿಡ ಕುಡಿಸುತ್ತಿದ್ದೇನೆ. ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಎಷ್ಟು ಹೊತ್ತು ಕೂತೆನೋ. ಕಸ್ತೂರೆವ್ವನೇ ಒಳಗೆ ಬಂದು ತನಗೆ ಬೇಕಾದಷ್ಟು ಚಿಮುಟಿಕೊಂಡಳು. ನನ್ನ ಮುಖ ನೋಡಿ, "ಹೊಟ್ಟಿ ಉಬ್ಬಿದ್ದು ನಂದು, ಮಾರಿ ಬಿಳಚಿದ್ದು ನಿಂದು," ಅಂದಳು.

ಈ ದಿನ ಎರಡನೆಯ ಸಲ ಫೋನ್ ಮಾಡಿದೆ. ದಾವಲಬಿಗೆ ಡಬ್ಬಿಯ ಸಂಗತಿ ಹೇಳಿದೆ. ಹಿಂದೆ ಅವಳ ತಾಯಿ ನರಳುವುದು ಕೇಳುತ್ತಿತ್ತು.

"ಎಲಿ ಹಾಕೀರಾ? ಇಷ್ಟೂ ದಿನಾ?"

"ನೀ ಅಜವಾನ ಅಂದಿ."

"ಅಂದೆ. ನಂದೂ ತಪ್ಪೈತಿ. ನಿಮಗ ಕಾಳು ಅಂತ ಬಿಡಿಸಿ ಹೇಳ್ಬೇಕಾಗಿತ್ತು." ಬೈದಿದ್ದರೆ ಚೆನ್ನಾಗಿತ್ತು. ಅವಳ ದನಿ ಸಣ್ಣದಾಗಿತ್ತು. "ಶೆಡ್ಡ ಹೋದ್ರ ಹೋತು ಬಿಡ್ರಿ. ಆದ್ರ ಇಲ್ಲಿಂದ ನಾ ಏನ್ ಹೇಳ್ಲಿ? ಕೋಳಿ ನಿಮ್ಮ ಕಣ್ಣ ಮುಂದ ಅದಾವ. ನೀವ ನೋಡ್ರಿ, ನೀವ ಹೇಳ್ರಿ."

ಶೆಡ್ಡ ಹೋದ್ರ ಹೋತು ಅಂದಳು. ದಾವಲಬಿ ಅಂದಳು.

ನವೆಂಬರ್ 24, ಸೋಮವಾರ

ಫೋನ್ ಮಾಡಿದ್ದಕ್ಕೆ ಶೈಲಶ್ರೀ ಬಾಯಿ ಇಂಡಿಯಿಂದ ತಾವೇ ಸ್ಕೂಟರ್ ಮೇಲೆ ಬಂದರು. ಊರು ಬಸವನ ಬಾಗೇವಾಡಿ ಅಂತೆ, ಮಾತು ನೇರ. ಬಾಗಿಲಲ್ಲಿ ನನ್ನ ಬಾಯಿಂದ ತಾನಾಗಿಯೇ ಬಂತು: "ಬಾಯಾರ, ಸುಣ್ಣದ ತಟ್ಟಿಯೊಳಗ ಕಾಲಿಟ್ಟ ಬರ್ರಿ." ಇಟ್ಟರು. ಆಮೇಲೆ ನಾಚಿಕೆಯಾಯಿತು. ಡಾಕ್ಟರಿಗೆ ಹೇಳುವ ಮಾತೇ ಅದು?

ಒಂದು ಕೈಯಲ್ಲಿ ಎಲೆ, ಒಂದು ಕೈಯಲ್ಲಿ ಕಾಳು ತಿಕ್ಕಿ ನನ್ನ ಮೂಗಿಗೆ ಹಿಡಿದರು.

"ಕಣ್ಣ ಮುಚ್ಚಿ ಹೇಳ್ರಿ, ಯಾವದು ಯಾವದು?"

ಹೇಳಲಾಗಲಿಲ್ಲ.

"ಅದಕ್ಕ ಎರಡಕ್ಕೂ ಒಂದ ಹೆಸರ ಬಿದ್ದೈತಿ. ಗಿಡಾ ಬ್ಯಾರೆ ಬ್ಯಾರೆ, ದಕ್ಷಿಣದ ಕಡೆ ಮಂದಿ ಈ ಎಲಿಗೆ ದೊಡ್ಡಪತ್ರಿ ಅಂತಾರ. ಆದ್ರ ವಾಸನಿ ಕೊಡೂ ಸತ್ವ ಎರಡರಾಗೂ ಭಾಳ ಹತ್ತರದ್ದು."

"ಹಂಗಾರ ನಾ ತಪ್ಪ ಮಾಡಿಲ್ರಿ?"

"ತಪ್ಪ ಮಾಡೀರಿ. ಆದ್ರ ಕೋಳಿಗೆ ಅದು ಗೊತ್ತಾಗಿಲ್ಲ."

ಅಲ್ಲಿ ಇಲ್ಲಿ ಒಂದಿಷ್ಟು ಕೋಳಿ ಹಿಡಿದು ತೂಗಿದರು. ಕಾಲು ನೋಡಿದರು, ಎದೆ ಒತ್ತಿದರು, ಹೊಟ್ಟು ಮುಷ್ಟಿಯಲ್ಲಿ ಹಿಡಿದು ಉದುರಿಸಿದರು. ಈ ವಯಸ್ಸಿಗೆ ಇದು ಒಳ್ಳೆಯ ತೂಕ ಅಂದರು. ಎರಡು ಸಲ ಅಂದರು, ಯಾಕೆಂದರೆ ಮೊದಲ ಸಲ ನಾನು ನಂಬಲಿಲ್ಲ.

"ಇನ್ನ ಮುಂದ ಎಲಿನೋ ಕಾಳೋ, ಬಾಯಾರ?"

"ಕಾಳ ಹಾಕಿದ್ರ ಹ್ಯಾಂಗ ಅಂತ ನನಗ ಗೊತ್ತೈತಿ. ಎಲಿ ಹಾಕಿ ಇಷ್ಟ ದಿನಾ ಸಾಕಿದ್ದನ್ನ ನಾ ನೋಡಿಲ್ಲ, ಸುಳ್ಳ ಯಾಕ ಹೇಳ್ಲಿ. ದಿನಾ ನೋಡಿದವರು ನೀವು. ನಿಮಗ ಏನ್ ಅನಸ್ತೈತಿ?"

ನನಗೆ ಏನು ಅನಿಸುತ್ತದೆ ಎಂದು ಇದುವರೆಗೆ ಯಾರೂ ಕೇಳಿರಲಿಲ್ಲ. ಕೋಳಿಗಳತ್ತ ನೋಡಿದೆ. ತಿಂದು, ಕುಡಿದು, ರೆಕ್ಕೆ ಚಾಚಿ ಬಿದ್ದುಕೊಂಡಿವೆ. ಎಲೆಯ ನೀರು ಇಟ್ಟ ಕೂಡಲೇ ಮುಗಿಬೀಳುತ್ತವೆ. ಹೊಂದಿಕೊಂಡ ಹೊಟ್ಟೆಗೆ ನಡುವೆ ಹೊಸದನ್ನು ಯಾಕೆ ಹಾಕಬೇಕು?

"ಎಲಿನ," ಅಂದೆ.

ಸಂಜೆ ದಾವಲಬಿಗೆ ಹೇಳಿದೆ: "ಎಲಿನ ಹಾಕ್ತೇನಿ."

"ಕೇಳಾಕತ್ತೀರೋ, ಹೇಳಾಕತ್ತೀರೋ?"

"ಹೇಳಾಕತ್ತೇನಿ."

ತಪ್ಪಾದರೆ ಈಗ ತಪ್ಪು ಪೂರ್ತಿ ನನ್ನದೇ.

ನವೆಂಬರ್ 30, ಭಾನುವಾರ

ಬೀರಣ್ಣ ಹಿತ್ತಲ ಬಾಗಿಲಿಂದ ಬಂದ. ಯಾವತ್ತೂ ಮುಂಬಾಗಿಲಿಂದ ಕೂಗಿಕೊಂಡು ಬರುವವನು.

"ಥಂಡಿಗೆ ನನ್ನ ಕೋಳಿ ಮುದಡಿ ಕುಂತಾವಲೇ ಬಂದಗಿ. ನೀರನೀರ ಹಿಕ್ಕಿ ಹಾಕಾಕತ್ತಾವ. ಒಂದ ಬುಟ್ಟಿ ಎಲಿ ಇದ್ರ..."

"ಎಲಿ ಕೊಡ್ತೇನಿ. ಆದ್ರ ಇದ ಔಷಧಿ ಅಲ್ಲ, ಬ್ಯಾನಿ ಬಂದದ್ದಕ್ಕ ಡಾಕ್ಟರ್ ಬಾಯಿನ್ನ ಕರಿ. ಮೊದಲ ಹೋಗಿ ಹಸಿ ಹೊಟ್ಟು ತಗದ ಒಣಾದ್ದ ಹಾಕು. ಮತ್ತ ಪರದಿ ನೆಲದಿಂದ ತಗಡಿನ ತನಕಾ ಬಿಗದೀಯಲ್ಲ, ಒಳಗ ಉಸರ ಹ್ಯಾಂಗ ಆಡಬೇಕು ಅವು? ಮ್ಯಾಲ ಒಂದ ಗೇಣ ಬಿಡು."

ಬೀರಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಒಳಗ ದಾವಲಬಿ ಅದಾಳೇನೋ? ಮಾತು ಆಕೀದ ಬಂದಂಗಾತು."

ಡಾಕ್ಟರ ಫೋನ್ ನಂಬರು ಬರೆದುಕೊಟ್ಟು ಕಳಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಅವನ ಪರದೆ ನೋಡಲು ಹೋದೆ. ಬಿಟ್ಟಿದ್ದ, ಆದರೆ ಗೇಣಲ್ಲ, ಮೂರು ಬೆರಳು. ಮತ್ತೆ ಬಿಡಿಸಿ ಬಂದೆ.

ಡಿಸೆಂಬರ್ 6, ಶನಿವಾರ

ಕಲ್ಮೇಶ ಬಂದ. ಚಪ್ಪಲಿ ಬಿಡಿಸಿ, ಸುಣ್ಣ ತುಳಿಸಿ ಒಳಗೆ ಬಿಟ್ಟೆ. ಒಂದು ಕೋಳಿ ಎತ್ತಿ ನೋಡುತ್ತೇನೆ ಅಂದ.

"ಇವತ್ತ ಮುಟ್ಟೂ ಹಂಗಿಲ್ಲ. ಗಾಬರಿ ಆಗ್ತಾವ. ಬರೂ ವಾರ ಐತಾರ ತೂಗೂಣು."

"ಕಾಕಾ, ಒಂದ..."

"ಐತಾರ ಅಂದ್ರ ಐತಾರ."

ಡಬ್ಬಿಯಲ್ಲಿ ಊರಿದ ತುದಿಗಳು ಬೇರು ಬಿಟ್ಟು ಚಿಗುರಿವೆ.

ಸಂಜೆ ದಾವಲಬಿಯೇ ಫೋನ್ ಮಾಡಿದಳು. "ಎರಡ ದಿನಾ ಆತು, ಸುದ್ದಿ ಇಲ್ಲ. ಜೀವಂತ ಅದೀರೇನ್ರಿ?" ನಿನ್ನೆ, ಮೊನ್ನೆ ಫೋನ್ ಮಾಡುವುದೇ ಮರೆತಿದ್ದೆ. ವಯಸ್ಸಾಯಿತು, ಮರೆವು ಹೆಚ್ಚಾಗಿದೆ. ಇದೂ ಒಂದು ಚಿಂತೆಯೇ.

ಡಿಸೆಂಬರ್ 12, ಶುಕ್ರವಾರ

ದಾವಲಬಿ ಬಂದಳು. ತಾಯಿ ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಿದ್ದಾರೆ, ಜೊತೆಗೆ ತಮ್ಮನ ಹೆಂಡತಿ ಇದ್ದಾಳೆ. ಚೀಲ ಇಳಿಸುವ ಮೊದಲೇ ಶೆಡ್ಡಿಗೆ ಹೋದಳು. ಈ ತುದಿಯಿಂದ ಆ ತುದಿಗೆ ನಡೆದಳು. ಪರದೆ ಮುಟ್ಟಿ ನೋಡಿದಳು, ಹೊಟ್ಟು ತುಳಿದು ನೋಡಿದಳು. ಏನಾದರೂ ಅನ್ನಲಿ ಎಂದು ಕಾದೆ.

"ಸೊರಗೀರಿ," ಅಂದಳು. ಕೋಳಿಗಲ್ಲ, ನನಗೆ.

ಆಮೇಲಿಂದ ಅವಳಿಗೆ ಕೂತಲ್ಲಿ ಕೂಡಲಾಗುತ್ತಿಲ್ಲ. "ಎರಡ ಕಿಲೋಕ್ಕ ಒಂದ ಚೂರು ಕಮ್ಮಿ ಬಂದ್ರ? ಬೀರಣ್ಣ ಏನಂತಾನ? ಹತ್ತ ಮಂದಿ ಮುಂದ ಅಂದೇನ್ರಿ." ತಟ್ಟೆಯಲ್ಲಿ ರೊಟ್ಟಿ ಹಾಗೇ ಇತ್ತು. ಬೆಚ್ಚಗಿನ ಪಲ್ಯ ಬಡಿಸಿ, ಉಣ್ಣುವ ತನಕ ಎದುರಿಗೆ ಕೂತೆ.

ಡಿಸೆಂಬರ್ 14, ಭಾನುವಾರ

ಶೆಡ್ಡಿನ ಮುಂದಿನ ಬೇವಿನ ಮರಕ್ಕೆ ತಕ್ಕಡಿ ತೂಗುಹಾಕಿದೆವು. ಊರಿಗೆ ಊರೇ ಬಂದಿತ್ತು. ಶೈಲಶ್ರೀ ಬಾಯಿಯೂ ಬಂದರು. ಕಸ್ತೂರೆವ್ವ ಲಿಂಗದ ಕರಡಿಗೆ ಸೆರಗಿನೊಳಗೆ ಮುಚ್ಚಿಕೊಂಡು ಮುಂದೆಯೇ ಕೂತಳು. "ನಾ ತಿನ್ನಾಕಿ ಅಲ್ಲವಾ. ನನ್ನ ಎಲಿ ಎಲ್ಲಿ ಹೋತು ನೋಡಾಕ ಬಂದೇನಿ," ಅಂದಳು.

ಯಾವ ಕೋಳಿ ಹಿಡಿಯಬೇಕೆಂಬುದು ಕಲ್ಮೇಶನಿಗೆ ಬಿಟ್ಟದ್ದು. ಮುಳ್ಳು ಓದುವುದು ಬೀರಣ್ಣನಿಗೆ. ಹಾಗೆ ಮಾಡೋಣ ಅಂದವನು ನಾನೇ, ಆಮೇಲೆ ಯಾರೂ ಬಾಯಿ ಮಾಡಬಾರದು.

ಕಲ್ಮೇಶ ಬೇಕೆಂದೇ ಮೂಲೆಯ ಸಣ್ಣದೊಂದನ್ನು ಹಿಡಿದು ತಂದ. ಬೀರಣ್ಣ ಓದಿದ: "ಎರಡಕ್ಕ ಕಮ್ಮಿ."

ದಾವಲಬಿ ನನ್ನ ಅಂಗಿಯ ಚುಂಗು ಹಿಡಿದುಕೊಂಡಳು. ನಾನು ಅಂದೆ, "ಒಂದ ನೋಡಿ ಏನ್ ಹೇಳ್ತೀರಿ? ಕ್ರೇಟ್ ತುಂಬ್ರಿ."

ಹತ್ತು ಕೋಳಿಯ ಕ್ರೇಟ್ ಏರಿತು. ಖಾಲಿ ಕ್ರೇಟಿನ ತೂಕ ಕಳೆದು ಬೀರಣ್ಣ ತುಟಿಯಲ್ಲೇ ಲೆಕ್ಕ ಹಾಕಿದ. ಒಮ್ಮೆ 'ಇಳಸ್ರಿ' ಅಂದ. ಮತ್ತೆ 'ಏರಸ್ರಿ' ಅಂದ. ಮುಳ್ಳಿನ ಗಾಜು ಅಂಗಿಯಿಂದ ಒರೆಸಿದ.

"ಯಾಕೋ ಬೀರಣ್ಣಾ, ಓದಾಕ ಬರೂದಿಲ್ಲೇನು?" ಕಸ್ತೂರೆವ್ವ ಕೇಳಿದಳು.

"ಕೋಳಿಗೆ ಎರಡ ಕಿಲೋ ಇನ್ನೂರು," ಅಂದ.

ಎರಡನೆಯ ಕ್ರೇಟ್. ಮೂರನೆಯದು. ಹೊತ್ತು ಏರುತ್ತಾ ಹೋಯಿತು, ಕ್ರೇಟುಗಳು ಏರಿ ಇಳಿದವು, ಯಾವ ಕ್ರೇಟೂ ಎರಡು ಕಿಲೋ ಲೆಕ್ಕದ ಕೆಳಗೆ ಬರಲಿಲ್ಲ. ಬೀರಣ್ಣ ತಲೆಯ ಟೋಪಿ ತೆಗೆದು ತೊಡೆಗೆ ಬಡಿದ. "ಪುಡಿ ತಿಂದ ನನ್ನವಕ್ಕಿಂತ ಒಂದ ಮುಷ್ಟಿ ಹೆಚ್ಚ ಅದಾವ! ಶೆಡ್ಡ ನಿಮ್ಮದ ಇಟ್ಕೋರವಾ. ಮುಂದಿನ ಸಲಾ ನನಗೂ ಈ ಕಷಾಯಾ ಕಲಸ್ರಿ."

ಜನ ಸೀಟಿ ಹೊಡೆದರು. ಯಾರೋ "ಅಜವಾನ ಬಂದಗೀ..." ಎಂದು ಕೂಗಿದರು, ಉಳಿದವರೆಲ್ಲ "ಹೌದ್ಹೌದು!" ಅಂದರು. ಶೈಲಶ್ರೀ ಬಾಯಿ, "ಒಂದ ಸಲಾ ಆಗೇತಿ. ಇನ್ನ ಎರಡ ಸಲಾ ಹಿಂಗ ಬಂದ್ರ ನಾ ಮಂದಿಗೆ ಹೇಳ್ತೇನಿ," ಅಂದರು, ಆದರೆ ನಗುತ್ತಲೇ ಇದ್ದರು.

ಮಧ್ಯಾಹ್ನ ಧಾಬಾದಲ್ಲಿ ಕಲ್ಮೇಶ ದೊಡ್ಡ ಪಾತ್ರೆಯಲ್ಲಿ ಕೋಳಿ ರಸಾ ಇಟ್ಟ. ಎಲ್ಲರೂ ಬೆವರು ಒರೆಸಿಕೊಳ್ಳುತ್ತಾ ಉಂಡರು. ಕಸ್ತೂರೆವ್ವ ಆಚೆ ಹಗ್ಗದ ಮಂಚದ ಮೇಲೆ ಕೂತು ಮಜ್ಜಿಗೆ ಕುಡಿದಳು. ದಾವಲಬಿ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು: "ನಾ ಮೊದಲ ಹೇಳಿದ್ನ್ಯಾ, ಅಜವಾನ ಅಂತ. ಎಲಿ ಅಂತನ ಅದರ ಅರ್ಥ." ನಾನು ರೊಟ್ಟಿ ಮುರಿದು ರಸಾದಲ್ಲಿ ಅದ್ದಿದೆ. ಕಸ್ತೂರೆವ್ವ ನನ್ನ ಕಡೆ ನೋಡಿ ಹೊಟ್ಟೆ ಸವರಿಕೊಂಡಳು.

ಡಿಸೆಂಬರ್ 17, ಬುಧವಾರ

ಧಾಬಾದ ಮುಂದೆ ಬೋರ್ಡು ಏರಿತು: "ಝಳಕಿ ಅಜವಾನದ ಕೋಳಿ". ಪೇಂಟರ್ ಪಕ್ಕದಲ್ಲಿ ವೀಳ್ಯದೆಲೆಯಂಥ ಎಲೆ ಬಿಡಿಸಿದ್ದ. ಏಣಿ ಇಳಿಯುತ್ತಿದ್ದವನನ್ನು ಮತ್ತೆ ಹತ್ತಿಸಿದೆ. "ಅಂಚಿಗೆ ಹಲ್ಲ ಇರಬೇಕೋ ಮಾರಾಯಾ. ಇದನ್ನ ನೋಡಿ ಮಂದಿ ಸುಣ್ಣಾ ಅಡಕಿ ಕೇಳ್ತಾರ." ಹಲ್ಲು ಬರೆಯುವ ತನಕ ಅಲ್ಲೇ ನಿಂತಿದ್ದೆ.

ಬೇರು ಬಿಟ್ಟ ಸಸಿಗಳನ್ನು ಓಣಿಯ ಮನೆಗಳಿಗೆಲ್ಲ ಒಂದೊಂದು ಹಂಚಿ ಬಂದೆವು. ಕಸ್ತೂರೆವ್ವ ದಾವಲಬಿಯನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ತೋಟದ ಐದು ನಿಂಬೆಹಣ್ಣು. ಕಡೆಗೆ ಅಜವಾನದ ಒಂದು ಕುಡಿ ಇಟ್ಟು, "ಇದು ಎಲಿ, ನಿನ್ನ ಗಂಡಗ ತಿಳೀಲಿ ಅಂತ ಹೇಳಾಕತ್ತೇನಿ," ಅಂದಳು.

ಶುಕ್ರವಾರ ಹೊಸ ಮರಿ ಬರುತ್ತವೆ. ದಾವಲಬಿ ಸಂಜೆಯಿಂದ ಒಂದೇ ಸಮನೆ: "ಥಂಡಿ ಇನ್ನೂ ಹೆಚ್ಚಾಗ್ತೈತಿ ಅಂತಾರ. ಎಲಿ ಸಾಲದಿದ್ರ? ಈ ಸಲಾ ತೂಕಾ ಬರದಿದ್ರ?"

ಈ ಹಾಳೆಗಳನ್ನೂ ಪೆನ್ನನ್ನೂ ಅವಳ ಮುಂದಿಟ್ಟೆ. "ದಿನಕ್ಕ ಒಂದ ಸಲಾ ನನಗ ಹೇಳು. ಒಂದ ಸಲಾ. ಉಳದದ್ದೆಲ್ಲಾ ಬರದಿಡು."

ಪೆನ್ನು ನನ್ನ ಮೇಲೆಯೇ ಎಸೆದಳು. ಅದಕ್ಕೇ ಇವತ್ತಿನ ಇದನ್ನೂ ನಾನೇ ಬರೆಯುವಂತಾಯಿತು.